ಪ್ರಭುದೇವನಿಗೆ ಶೈಲಿ ಸಿಕ್ಕಿದ ಪ್ರಸಂಗ

ಮಧುಗಿರಿಯ ಮಾತೆತ್ತಿದರೆ ಮೊದಲು ಬರುವುದು ಏಕಶಿಲಾ ಬೆಟ್ಟ. ಇಡೀ ಬೆಟ್ಟಕ್ಕೆ ಒಂದೇ ಕಲ್ಲು. ಆ ಬೆಟ್ಟದ ಬುಡದ ಬಾಡಿಗೆ ಮನೆಯ ತಾರಸಿಯಲ್ಲಿ ಕೂತು ಪ್ರಭುದೇವ ದಿನಾ ನಿಟ್ಟುಸಿರು ಬಿಡುತ್ತಿದ್ದ, ಊರಿಗೊಂದು ಏಕಶಿಲೆ ಇದೆ, ತನಗೊಂದು ಏಕಶೈಲಿ ಇಲ್ಲವಲ್ಲ ಎಂದು. ಬೆಟ್ಟವೇನೂ ಯಾವ ಶಿಬಿರಕ್ಕೂ ಹೋಗಿ ಕಲಿತು ಬಂದದ್ದಲ್ಲ. ಸುಮ್ಮನೆ ಬಿದ್ದುಕೊಂಡಿದೆ. ಆದರೂ ಮೈಲಿ ದೂರದಿಂದ ನೋಡಿದವರು ‘ಅದೋ ಮಧುಗಿರಿ ಬೆಟ್ಟ’ ಅನ್ನುತ್ತಾರೆ. ಪ್ರಭುದೇವನ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದವರೂ ‘ಯಾರು ಬರೆದದ್ದು?’ ಎಂದೇ ಕೇಳುತ್ತಿದ್ದರು.

ಈ ಕಾಯಿಲೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಮೊದಲು ಅವನು ಎಲ್ಲರ ಹಾಗೆ ಸುಖವಾಗಿದ್ದ. ಪತ್ರಿಕೆಯ ಕಥೆಗಳಿಗೆ ಚಿತ್ರ ಬರೆಯುತ್ತಿದ್ದ, ಊದುಬತ್ತಿ ಪೊಟ್ಟಣಕ್ಕೆ ಲಕ್ಷ್ಮಿಯನ್ನು ಬರೆಯುತ್ತಿದ್ದ, ಹಲ್ಲಿನ ಡಾಕ್ಟರ ಗೋಡೆಗೆ ನಗುವ ಹಲ್ಲು ಬರೆಯುತ್ತಿದ್ದ. ಒಂದು ದಿನ ಅದೆಲ್ಲಿಂದಲೋ ಮೊಬೈಲಿಗೆ ಒಂದು ಆನ್‌ಲೈನ್ ಕಾರ್ಯಾಗಾರ ಬಂದು ವಕ್ಕರಿಸಿತು. ‘ನಿಮ್ಮೊಳಗಿನ ಶೈಲಿಯನ್ನು ಕಂಡುಕೊಳ್ಳಿ.’ ಲಿನನ್ ಶರ್ಟಿನ ಬೆಂಗಳೂರಿನ ಗುರುಗಳೊಬ್ಬರು, “ನೀವು ಬರೆಯುವ ಪ್ರತಿ ಗೆರೆಯಲ್ಲೂ ನೀವಿರಬೇಕು” ಎಂದು ಹೇಳಿ, ಪ್ರಮಾಣಪತ್ರ ಕೊಟ್ಟು, ಕ್ಯಾಮೆರಾ ಆಫ್ ಮಾಡಿ ಹೊರಟುಹೋದರು. ಅವರಿಗೇನು, ಅವರ ಕೆಲಸ ಮುಗಿಯಿತು. ಅನುಭವಿಸಿದವಳು ಪ್ರಭುದೇವನ ಹೆಂಡತಿ ಗಗನಾ.

ಮರುದಿನ ಪಶು ಆಹಾರದ ಅಂಗಡಿಯವರು ಚೀಲದ ಮೇಲಿನ ಹಸುವಿನ ಚಿತ್ರಕ್ಕಾಗಿ ಬಂದರೆ, ಪ್ರಭುದೇವ ತಲೆ ಮೇಲೆ ಕೈ ಹೊತ್ತು ಕೂತಿದ್ದ.

“ಹಸು ಏನೋ ಬಂದಿದೆ. ಆದರೆ ಈ ಹಸುವಿನಲ್ಲಿ ನಾನೆಲ್ಲಿದ್ದೀನಿ ಹೇಳಿ?”

“ನೀವ್ಯಾಕ್ರೀ ಇರ್ಬೇಕು ಚೀಲದ್ ಮೇಲೆ?” ಅಂದರು ಅವರು. “ಹಸು ಇದ್ರೆ ಸಾಕು ಕೊಡ್ರೀ ಇತ್ಲಾಗೆ.”

ಅಷ್ಟೇ ಆಯಿತು. ಅಂದಿನಿಂದ ಹಸು ನಿಂತಿತು, ಲಕ್ಷ್ಮಿ ನಿಂತಳು (ಎರಡೂ ಅರ್ಥದಲ್ಲಿ), ಹಲ್ಲು ಉದುರಿತು. ಪ್ರಭುದೇವ ದುಂಡು ಕನ್ನಡಕ ಹಾಕಿದ, ಹಿಂದೆ ಒಂದು ಪುಟ್ಟ ಜುಟ್ಟು ಬಿಟ್ಟ, ಗಲ್ಲದ ಮೇಲೆ ನಾಲ್ಕು ಕೂದಲಿನ ಗಡ್ಡ ಬೆಳೆಸಿದ. ಬಾಯಿ ಅರ್ಧ ತೆರೆದು ಆಕಾಶ ನೋಡುತ್ತಾ ಶೈಲಿಗಾಗಿ ಕಾಯತೊಡಗಿದ. ಕೆಳಗೆ ಗಗನಾ ರವಿಕೆ ಹೊಲಿಯುತ್ತಿದ್ದಳು. ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಸರಕ್ಕನೆ ಒಂದು ನವಿಲು ಗೀಚಿ, ಅದರ ಮೇಲೆ ಮಣಿ ಕೂರಿಸಿ, ಮುಂದಿನ ರವಿಕೆಗೆ ಕೈ ಹಾಕುತ್ತಿದ್ದಳು. ಆ ನವಿಲಿನಿಂದಲೇ ಮನೆಗೆ ಅಕ್ಕಿ ಬೇಳೆ ಬರುತ್ತಿತ್ತು. ಆದರೆ ಅದನ್ನು ಕಲೆ ಎಂದು ಯಾರೂ ಕರೆಯುತ್ತಿರಲಿಲ್ಲ, ಯಾಕೆಂದರೆ ಅದು ಹೇಳಿದ ದಿನಕ್ಕೆ ತಯಾರಾಗಿರುತ್ತಿತ್ತು.

“ರೀ, ಸಿಕ್ತಾ ಶೈಲಿ?” ಎಂದು ಅವಳು ಕೆಳಗಿನಿಂದ ಕೂಗುವಳು.

“ಇನ್ನೂ ಇಲ್ಲ ಕಣೇ.”

“ಸಿಗೋತಂಕ ಈ ಕೊತ್ತಂಬರಿ ಸೊಪ್ಪಾದ್ರೂ ಬಿಡಿಸ್ಕೊಡಿ.”

ಪತ್ರಿಕೆಯ ಸಂಪಾದಕರಂತೂ ಇನ್ನೂ ಪುಣ್ಯಾತ್ಮರು. “ನಿಮ್ಮ ಚಿತ್ರ ಚೆನ್ನಾಗಿರ್ತವೆ ಪ್ರಭುದೇವ್, ಆದರೆ ನಿಮ್ಮದು ಅಂತ ಏನೂ ಇರಲ್ಲ. ಅದಕ್ಕೆ ಈ ಸಲ ಎಐ ಹತ್ರ ಬರೆಸಿಬಿಟ್ಟೆವು” ಅಂದರು.

“ಅದಕ್ಕಾದರೂ ಸ್ವಂತದ್ದು ಏನಿದೆ ಸಾರ್?”

“ಏನೂ ಇಲ್ಲ. ಆದರೆ ಅದು ಸಂಭಾವನೆ ಯಾವಾಗ ಅಂತ ಫೋನ್ ಮಾಡಲ್ಲ ನೋಡಿ.”

ಇಂತಿರಲಾಗಿ ಸಿರಾದಿಂದ ಗಗನಾಳ ತಾಯಿ ಕರಿಬಸಮ್ಮ ಹುಚ್ಚೆಳ್ಳು ಚಟ್ನಿಪುಡಿ ಹಿಡಿದುಕೊಂಡು ಮಗಳ ಮನೆಗೆ ಬಂದರು. ಸಂಜೆ ಒಣಗಿದ ಬಟ್ಟೆ ತರಲು ತಾರಸಿ ಮೆಟ್ಟಿಲು ಹತ್ತುವಾಗ, ಅಳಿಯ ಫೋನಿನಲ್ಲಿ ಗೆಳೆಯನೊಬ್ಬನ ಹತ್ತಿರ ಗೋಳಾಡುತ್ತಿದ್ದುದು ಕಿವಿಗೆ ಬಿತ್ತು.

“ಶೈಲಿ ಇಲ್ಲದೆ ನಾನು ಇದ್ದೂ ಇಲ್ಲದಂಗೆ ಕಣೋ. ಕೆಲವರಿಗೆ ಕಾಲೇಜಲ್ಲೇ ಸಿಕ್ಕಿಬಿಡುತ್ತೆ. ನನಗೆ ಮದುವೆ ಆಗಿ ಇಷ್ಟು ವರ್ಷ ಆದಮೇಲೂ ಸಿಕ್ಕಿಲ್ಲ. ಒಂದೇ ಒಂದ್ಸಲ ಸಿಗಲಿ, ಮನೆಮಠ ಎಲ್ಲ ಬಿಟ್ಟು ಅದರ ಹಿಂದೆನೇ ಹೋಗ್ಬಿಡ್ತೀನಿ!”

(‘ಸಿಕ್ಕಿಬಿಡುತ್ತೆ’, ‘ಅದರ ಹಿಂದೆ’ ಎಂಬ ನಪುಂಸಕಲಿಂಗವನ್ನು ಕರಿಬಸಮ್ಮ ಗಮನಿಸಬಾರದಿತ್ತೇ ಎಂದು ವ್ಯಾಕರಣದವರು ಕೇಳಬಹುದು. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳನ್ನೂ ‘ಅದು ಬಂತು, ಅದು ಹೋಯ್ತು’ ಅಂತಲೇ ಅನ್ನುವುದು. ಕರಿಬಸಮ್ಮನ ಪಾಲಿಗೆ ಶೈಲಿ ಅಂದರೆ ಯಾವಳೋ ಶೈಲಜಾ.)

ಬಟ್ಟೆಯನ್ನು ಅಲ್ಲೇ ಬಿಟ್ಟು ಕರಿಬಸಮ್ಮ ಇಳಿದು ಬಂದು ಗಂಡನಿಗೆ ಫೋನು ಹಚ್ಚಿದರು. ಮಾವ ನಾಗಲಿಂಗಯ್ಯ ಸಿರಾದಲ್ಲಿ ಸಿಮೆಂಟು, ಕಂಬಿ ವ್ಯಾಪಾರಸ್ಥರು. ಹಣೆ ತುಂಬ ವಿಭೂತಿ, ಕೆನ್ನೆ ತುಂಬ ಮೀಸೆ. ಉದ್ರಿ ಕೇಳಿದವರ ಕಡೆ ಅವರೊಮ್ಮೆ ಕಣ್ಣು ಅಗಲಿಸಿ, ನಾಲಿಗೆ ತುದಿಯನ್ನು ತುಟಿಯಿಂದ ಹೊರಗೆ ಹಾಕಿ ನೋಡಿದರೆಂದರೆ, ಗಿರಾಕಿ ಪಕ್ಕದವನ ಹತ್ತಿರ ಸಾಲ ಮಾಡಿಯಾದರೂ ನಗದು ಕೊಡುತ್ತಿದ್ದ. ಅಂಥವರು ಮರುದಿನ ಬೆಳಗ್ಗೆ ತಮ್ಮ ಲೋಡ್ ಆಟೋದಲ್ಲೇ ಮಧುಗಿರಿಗೆ ಬಂದಿಳಿದರು.

“ಎಲ್ರೀ ಅಳಿಯಂದ್ರೇ, ಎಲ್ಲೈತೆ ಆ ಶೈಲಿ?”

ಪ್ರಭುದೇವನ ಕಣ್ಣು ತುಂಬಿ ಬಂತು. ಸಿಮೆಂಟಿನ ಮನುಷ್ಯನೊಬ್ಬ ಕಲೆಯ ಬಗ್ಗೆ ಕೇಳಿದನಲ್ಲ! “ಸಿಕ್ಕಿಲ್ಲ ಮಾವ. ಹುಡುಕ್ತಾನೇ ಇದೀನಿ.”

“ನಾಚ್ಕೆ ಇಲ್ದೆ ಹೇಳ್ತಾರಲ್ಲ! ಗಗನಾಗೆ ಗೊತ್ತಾದ್ರೆ ಏನ್ ಗತಿ?”

“ಅವಳಿಗೆ ಗೊತ್ತು ಮಾವ. ದಿನಾ ಅವಳೇ ಕೇಳ್ತಾಳೆ.”

ಕಾಫಿ ತಂದ ಗಗನಾ, “ಹೂಂ ಅಪ್ಪಾಜಿ, ಬೇಗ ಸಿಕ್ಕಿದ್ರೆ ನಂಗೂ ಒಂದು ನೆಮ್ಮದಿ. ಮನೆಗೆ ನಾಲ್ಕು ಕಾಸಾದ್ರೂ ಬರುತ್ತೆ” ಅಂದಳು.

“ಅಯ್ಯೋ ಶಿವ್ನೇ!” ಎಂದು ಕರಿಬಸಮ್ಮ ಗೋಡೆಗೆ ಒರಗಿ ಕೂತೇಬಿಟ್ಟರು.

ಶೈಲಿ ಎಂದರೆ ಹೆಣ್ಣಲ್ಲ, ಗೆರೆ ಎಳೆಯುವ ಧಾಟಿ ಎಂದು ತಿಳಿಸಿ ಹೇಳಲು ಗಗನಾಳಿಗೆ ಇನ್ನೊಂದು ಸುತ್ತು ಕಾಫಿ ಬೇಕಾಯಿತು. ತಿಳಿದ ಮೇಲೆ ಮಾವ ಸಮಾಧಾನಗೊಂಡರೇ? ಇಲ್ಲ, ಇನ್ನೂ ಸಿಟ್ಟಾದರು. “ಹೆಣ್ಣಾಗಿದ್ರೆ ಬುದ್ಧಿ ಹೇಳಿ ಬುಡಿಸ್ಬೌದಿತ್ತು. ಇದುಕ್ಕೆ ಯಾವ ಪಂಚಾಯ್ತಿ ಮಾಡನ?” ಎಂದು ಮೀಸೆ ತಿರುವಿ ಯೋಚಿಸಿ, ಕೊನೆಗೆ ತೀರ್ಪು ಕೊಟ್ಟರು.

“ನೋಡಿ, ಯುಗಾದಿಗೆ ನಮ್ ಹೊಸ ಅಂಗಡಿ ಓಪನಿಂಗು. ಬಾಗಿಲ ಮೇಲಕ್ಕೆ ನಂದೊಂದು ಚಿತ್ರ ಬರ್ಕೊಡಿ, ನಿಮ್ ಶೈಲೀಲೇ. ಬಂದ ಜನ ನಿಂತ್ಕಂಡು ನೋಡ್ಬೇಕು, ‘ನಮಗೂ ಇಂಥದ್ದೊಂದು ಬೇಕು’ ಅನ್ಬೇಕು. ಅಂದ್ರಾ, ನೀವು ಆರ್ಟಿಸ್ಟು, ನಾನು ಇನ್ನು ತುಟಿ ಪಿಟಕ್ಕನ್ನಲ್ಲ. ಅನ್ನಲಿಲ್ವಾ, ಮಾರನೇ ದಿನದಿಂದ ಬಂದು ನಮ್ ಗಲ್ಲಾ ಮುಂದೆ ಕೂತ್ಕಳಿ.”

ಗಲ್ಲಾ ಎಂಬ ಮಾತು ಕೇಳಿ ಪ್ರಭುದೇವನ ಜುಟ್ಟು ನೆಟ್ಟಗಾಯಿತು. ಹಿಂದೊಮ್ಮೆ ಮಾವನಿಗೆ ಜ್ವರ ಬಂದಾಗ ಅವನು ಅಲ್ಲಿ ಕೂತದ್ದುಂಟು. ಕಂಬಿ ಕೊಳ್ಳಲು ಬಂದವನಿಗೆ ತುಕ್ಕಿನ ಬಣ್ಣದಲ್ಲಿ ಅಡಗಿರುವ ವಿಷಾದವನ್ನು ವಿವರಿಸಿದ್ದ. ಗಿರಾಕಿ ಕೈಮುಗಿದು ಎದುರಿನ ಅಂಗಡಿಗೆ ಹೋಗಿ, ವಿಷಾದವಿಲ್ಲದ ಕಂಬಿ ಕೊಂಡಿದ್ದ. ಆ ಸಿಮೆಂಟಿನ ಧೂಳಿನಲ್ಲಿ ಜೀವಮಾನ ಕಳೆಯುವುದೆಂದರೆ ಕಲಾವಿದ ಸತ್ತ ಹಾಗೆಯೇ. ಪ್ರಭುದೇವ ಸವಾಲನ್ನು ಒಪ್ಪಿಕೊಂಡ.

ಆಮೇಲೆ ತಾರಸಿಯಲ್ಲಿ ನಡೆದದ್ದನ್ನು ತಪಸ್ಸು ಅನ್ನಬೇಕು. ಪ್ಲೈವುಡ್ ಹಲಗೆ ತಂದ, ಮಳೆಬಿಸಿಲಿಗೆ ಜಗ್ಗದ ಎನಾಮೆಲ್ ಬಣ್ಣ ತಂದ, ಎಷ್ಟೋ ಬರೆದ, ಎಷ್ಟೋ ಅಳಿಸಿದ. ಮಾವನ ಮುಖ ಬಂತು, ಮಾವ ಬರಲಿಲ್ಲ. ಕೊನೆಗೊಂದು ದಿನ ಹೊಳೆಯಿತು. ನಾಗಲಿಂಗಯ್ಯನವರ ಆತ್ಮವಿರುವುದು ಉದ್ರಿ ಕೇಳಿದಾಗಿನ ಆ ನೋಟದಲ್ಲಿ! ಬಿಡು ಕೈ! ಕಣ್ಣುಗಳು ಕಿವಿಯ ತನಕ ಹೋದವು, ಗುಡ್ಡೆ ಆಚೆ ಬಂದವು, ಮೀಸೆ ಹಲಗೆಯ ಎರಡೂ ಅಂಚು ಮುಟ್ಟಿತು, ನಾಲಿಗೆ ಗಲ್ಲದ ಕೆಳಗೆ ಇಳಿಯಿತು. ಮುಖಕ್ಕೆ ಕೆಂಪು, ಹುಬ್ಬಿಗೆ ಕಪ್ಪು. ಕೆಳಗೆ ತನ್ನ ಸಹಿಯನ್ನೂ ಅದೇ ಆವೇಶದಲ್ಲಿ ಸುರುಳಿ ಸುರುಳಿಯಾಗಿ ಎಳೆದ. ಯಾರಿಗೂ ಓದಲು ಬಾರದಿರುವುದೇ ದೊಡ್ಡ ಸಹಿಯ ಲಕ್ಷಣ ತಾನೇ?

“ಗಗನಾ! ಬಾರೇ! ಸಿಕ್ಕಿಬಿಡ್ತು!”

ಗಗನಾ ಮೇಲೆ ಬಂದಳು, ನೋಡಿದಳು, ಎದೆ ಹಿಡಿದುಕೊಂಡಳು. “ರೀ… ಇದು ಅಪ್ಪಾಜೀನಾ?”

“ಅಪ್ಪಾಜಿ ಅಲ್ಲ. ಅಪ್ಪಾಜಿಯ ಅಂತರಂಗ.”

“ಹಂಗಾದ್ರೆ ಅವ್ರಿಗೆ ತೋರಿಸ್ಬೇಡಿ. ಒಳಗಡೆ ಇರೋದು ಒಳಗಡೇನೇ ಇರ್ಲಿ” ಎಂದು ಅವಳು ಕೆಳಗಿಳಿದು ಹೋದಳು. ಪ್ರಭುದೇವನಿಗೆ ಅಯ್ಯೋ ಪಾಪ ಅನ್ನಿಸಿತು. ಬರೀ ರವಿಕೆ ಹೊಲಿಯುವವಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು?

ಯುಗಾದಿಯ ಹಿಂದಿನ ದಿನ ಹಲಗೆಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಲೋಡ್ ಆಟೋದಲ್ಲಿ ಮುಂದಾಗಿ ಕಳಿಸಿದರು. ಮರುದಿನ ಗಂಡಹೆಂಡಿರು ಬಸ್ಸಿನಲ್ಲಿ ಸಿರಾಕ್ಕೆ ಹೋದರು. ಅಂಗಡಿ ಮುಂದೆ ಮಾವಿನ ತೋರಣ, ಶಾಮಿಯಾನ, ಜನ. ಆದರೆ ಬಾಗಿಲ ಮೇಲೆ ಚಿತ್ರವಿಲ್ಲ! ಪ್ರಭುದೇವ ಗಾಬರಿಯಿಂದ ಆಚೀಚೆ ನೋಡಿದ. ಜನರೆಲ್ಲ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಅವನೂ ನೋಡಿದ.

ಅಂಗಡಿಯ ಮೇಲಂತಸ್ತು ಇನ್ನೂ ಕಟ್ಟುತ್ತಿದ್ದರು. ಅಲ್ಲಿನ ಸೆಂಟ್ರಿಂಗ್ ಗಳಕ್ಕೆ ಕಪ್ಪು ಹಗ್ಗದಲ್ಲಿ ಅವನ ಕಲಾಕೃತಿ ನೇತಾಡುತ್ತಿತ್ತು. ಅದರ ಬಲಕ್ಕೆ ಒಂದು ಬೂದುಗುಂಬಳಕಾಯಿ, ಎಡಕ್ಕೆ ಲೋಳೆಸರ. ಕತ್ತಿನ ಜಾಗದಲ್ಲಿ ಹಳೇ ಚಪ್ಪಲಿ ಒಂದು ಜೊತೆ.

ಗಾರೆ ಮೇಸ್ತ್ರಿ ಜುಂಜಪ್ಪ ಮೀಸೆಯೊಳಗೇ ನಗುತ್ತಾ ನಿಂತಿದ್ದ. “ಎಲ್ಲಿಂದ ತರ್ಸುದ್ರಿ ಸಾವ್ಕಾರ್ರೇ ಈ ದೃಷ್ಟಿಗೊಂಬೆಯ? ದುಪ್ಪಟಿ ಬಿಚ್ಚುತ್ಲೂ ನಾನೇ ಹಿಂದಕ್ಕೆ ನೆಗುದ್ಬುಟ್ಟೆ! ಕೆಳಗೆ ಮಂತ್ರಾನೂ ಬರ್ಸವ್ರೆ. ಅದ್ಕೇ ತಡ ಮಾಡ್ದೆ ಕಟ್ಬುಟ್ಟೆ. ಇನ್ ಯಾವನ್ ಕಣ್ಣು ಬಿದ್ದಾತು ಈ ಕಟ್ಟಡುಕ್ಕೆ?”

ಮಂತ್ರ ಅಂದರೆ ಸಹಿ. ಅಷ್ಟರಲ್ಲಿ ಕೊರಟಗೆರೆಯ ಕಂಟ್ರಾಕ್ಟರ್ ಅರುಣ್‌ಕುಮಾರ್ ಮುಂದೆ ಬಂದು, “ಸಾವ್ಕಾರ್ರೇ, ಗೊಂಬೆ ಅಂದ್ರೆ ಇದು. ಮಾರ್ಕೆಟ್ಟಲ್ಲಿ ಸಿಗೋವು ಮಕ್ಕಳಾಟಿಕೆ. ನಮ್ಮ ಸೈಟಿಗೂ ಇಂಥದ್ದೇ ಬೇಕು” ಅಂದ. “ನಮಗೂ ಒಂದು” ಅಂದರು ಬುಕ್ಕಾಪಟ್ಟಣದ ಕಡೆಯವರೊಬ್ಬರು. “ಮಾಕೂ ಕಾವಾಲಪ್ಪಾ” ಅಂದರು ಪಾವಗಡದವರು. “ಹಮ್ಕೋ ಭೀ ಹೋನಾ ಸಾಬ್” ಅಂದರು ಎದುರಿನ ಟೈಲ್ಸ್ ಅಂಗಡಿಯವರು. ದೃಷ್ಟಿ ತಾಗುವ ವಿಷಯದಲ್ಲಿ ನಮ್ಮ ಜನಕ್ಕೆ ಜಾತಿಭೇದವಿಲ್ಲ, ಭಾಷಾಭೇದವಂತೂ ಇಲ್ಲವೇ ಇಲ್ಲ.

ನಾಗಲಿಂಗಯ್ಯ ಹಿಗ್ಗಿಹೋದರು. “ಭೇಷ್ ಅಳಿಯಂದ್ರೇ! ಹೇಳ್ದೇನೇ ಗೊಂಬೇನೂ ಬರ್ದ್ ಕಳ್ಸಿದೀರಾ. ಅದ್ಸರಿ, ನನ್ ಚಿತ್ರ ಎಲ್ಲಿ?”

ಹೀಗೆ ಕೇಳುತ್ತಾ ಅವರು ನಿಂತದ್ದು ನೆಟ್ಟಗೆ ಗೊಂಬೆಯ ಕೆಳಗೆ. ಕಣ್ಣು ಅಗಲಿಸಿದ್ದರು. ನಾಲಿಗೆ ತುದಿ ಹೊರಗೆ ಬಂದಿತ್ತು. ಮೇಲೊಂದು ಕೆಳಗೊಂದು. ಪ್ರಭುದೇವ ಎರಡನ್ನೂ ನೋಡಿದ. ‘ಅದೇ ನೀವು ಮಾವ’ ಎಂದರೆ ಕಲೆ ಉಳಿಯುತ್ತಿತ್ತು, ಸವಾಲು ಹೋಗುತ್ತಿತ್ತು, ಜೊತೆಗೆ ತಾನೂ ಉಳಿಯುತ್ತಿದ್ದನೋ ಇಲ್ಲವೋ. ‘ಗೊಂಬೆ’ ಎಂದರೆ ಜನ ಕೇಳುತ್ತಿದ್ದರು, ಗಲ್ಲಾ ತಪ್ಪುತ್ತಿತ್ತು. ಪ್ರತಿ ಗೆರೆಯಲ್ಲೂ ನೀವಿರಬೇಕು ಎಂದ ಗುರುಗಳು ಈ ಸಂದರ್ಭಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ.

“ನಿಮ್ಮ ಚಿತ್ರ… ಫ್ರೇಮ್ ಹಾಕೋಕೆ ಕೊಟ್ಟಿದೀನಿ ಮಾವ” ಅಂದ.

ಕಲಾವಿದನೊಬ್ಬ ತನ್ನ ಶೈಲಿಗೆ ಇಷ್ಟು ಬೇಗ ಕೈಕೊಟ್ಟದ್ದು ನಾಲ್ಕು ತಾಲ್ಲೂಕಿನಲ್ಲಿ ಅದೇ ಮೊದಲಿರಬೇಕು. ಮರುವಾರ ಅವನು ಮಾವನ ಮದುವೆ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕೆನ್ನೆಗೆ ಗುಲಾಬಿ ಬಣ್ಣ ಹಾಕಿಸಿ ತಂದುಕೊಟ್ಟ. ಮಾವ ಅದನ್ನು ಕಣ್ತುಂಬ ನೋಡಿ, “ಇದಪ್ಪಾ ಶೈಲಿ ಅಂದ್ರೆ!” ಅಂದರು.

ನಿಜ ಗೊತ್ತಾದದ್ದು ಒಬ್ಬರಿಗೆ ಮಾತ್ರ. ಓಪನಿಂಗ್ ದಿನ ಊಟದ ಹೊತ್ತಿನಲ್ಲಿ ಕರಿಬಸಮ್ಮ ಮೆಲ್ಲಗೆ ಅಳಿಯನ ಪಕ್ಕಕ್ಕೆ ಬಂದು, ಗೊಂಬೆಯನ್ನೇ ನೋಡುತ್ತಾ ನಿಂತರು.

“ಅಳಿಯಂದ್ರೇ, ಅದು ಇವ್ರೇ ಅಲ್ವಾ?”

ಪ್ರಭುದೇವನ ಕೈಯಲ್ಲಿದ್ದ ಒಬ್ಬಟ್ಟು ಎಲೆಗೆ ಬಿತ್ತು.

“ಹೆದರ್ಕೋಬ್ಯಾಡಿ, ನಾನ್ಯಾಕೆ ಹೇಳ್ಲಿ? ಕ್ವಾಪ ಬಂದ್ರೆ ಥೇಟ್ ಹಿಂಗೇ. ಕೊರಳಿಗೆ ತಾಳಿ ಬಿದ್ದಾಗ್ಲಿಂದ ನೋಡ್ತಾ ಇಲ್ವಾ? ಕಣ್ಣು ಇನ್ನೊಂಚೂರು ದೊಡ್ಡದಿರ್ಬೇಕಿತ್ತು.” ಆಮೇಲೆ ದನಿ ಇನ್ನೂ ತಗ್ಗಿಸಿ, “ನಂಗೊಂದು ಚಿಕ್ಕದು ಬರ್ಕೊಡಿ, ಅಡುಗೆಮನೇಲಿ ಇಟ್ಕಂತೀನಿ. ಅವ್ರು ಅಂಗಡೀಲಿರೋವಾಗ ನಾಲ್ಕು ಮಾತು ಬಯ್ಯಕ್ಕೆ ಎದುರುಗಡೆ ಒಂದು ಮುಖ ಬೇಕಲ್ಲ” ಅಂದರು.

ಪ್ರಭುದೇವನ ಕಲೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡ ಏಕಮಾತ್ರ ವಿಮರ್ಶಕಿ ಈಕೆ.

ಅಲ್ಲಿಂದ ಶುರುವಾಯಿತು ನೋಡಿ. ಪಾವಗಡದ ಕಡೆ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರೆಲ್ಲ ಮನೆ ಕಟ್ಟಿಸುತ್ತಿದ್ದರು. ಕಟ್ಟಿಸಿದ ಮೇಲೆ ಪಕ್ಕದ ಮನೆಯವರ ಕಣ್ಣಿಗೆ ಹೆದರಲೇಬೇಕು. ಕೊರಟಗೆರೆ, ಮಧುಗಿರಿ, ಪಟ್ಟನಾಯಕನಹಳ್ಳಿ, ಎಲ್ಲಿ ನೋಡಿದರೂ ಹೊಸ ಕಟ್ಟಡಗಳ ಮೇಲೆ ನಾಗಲಿಂಗಯ್ಯನವರು ನಾಲಿಗೆ ಚಾಚಿ ನೇತಾಡುತ್ತಿದ್ದರು. ಅವರೇ ಲೋಡ್ ಆಟೋದಲ್ಲಿ ಹೋಗುವಾಗ ಕತ್ತೆತ್ತಿ ನೋಡಿ, “ಎಲ್ಲೋ ನೋಡಿದ ಮುಖ ಕಣ್ಲಾ ಇದು” ಎಂದು ಡ್ರೈವರನಿಗೆ ಹೇಳುತ್ತಿದ್ದರು. ಸಹಿ ಇಲ್ಲದ ಗೊಂಬೆಯನ್ನು ಗಿರಾಕಿಗಳು ಮುಟ್ಟುತ್ತಿರಲಿಲ್ಲ. “ಮಂತ್ರ ಇರೋದೇ ಕೊಡಿ” ಅನ್ನುತ್ತಿದ್ದರು. ಸಹಿಯನ್ನು ಕೇಳಿ ಪಡೆಯುವ ಜನ ಎಷ್ಟು ಕಲಾವಿದರಿಗೆ ಸಿಕ್ಕಾರು? ಪ್ರಭುದೇವ ಮೊದಮೊದಲು ಕೊರಗಿದ, ಆಮೇಲೆ ‘ಇದು ಸಾರ್ವಜನಿಕ ಕಲೆ’ ಎಂದು ತನಗೆ ತಾನೇ ಹೇಳಿಕೊಂಡ, ಆಮೇಲೆ ನಂಬಿಯೂಬಿಟ್ಟ.

ನಂಬಿದ್ದೇ ತಪ್ಪಾಯಿತು. ಒಂದೊಂದು ಗೊಂಬೆಗೂ ಅವನಿಗೆ ಒಳಗಿನಿಂದ ಏನೋ ಬರಬೇಕಿತ್ತು. ಅದು ಬರುವುದರೊಳಗೆ ಗಿರಾಕಿ ಬರುತ್ತಿದ್ದ. ಕಾದು ಕಾದು ಬೇಸತ್ತ ಗಗನಾ ಒಂದು ದಿನ, “ಇತ್ಲಾಗ್ ಕೊಡಿ ಆ ಬ್ರಶ್ಶು” ಎಂದು ಇಸಿದುಕೊಂಡಳು. ನವಿಲು ಗೀಚಿದ ಕೈ. ಸರಕ್ಕನೆ ಎಳೆದಳು, ಆಟೋಕ್ಕೆ ಹಾಕಿಸಿದಳು, ಮುಂದಿನ ಹಲಗೆಗೆ ಕೈ ಹಾಕಿದಳು. ಪ್ರಭುದೇವನಿಗೆ ಸಹಿ ಹಾಕುವ ಕೆಲಸ ಮಾತ್ರ ಉಳಿಯಿತು. ಅದಕ್ಕೂ ಅವನು ಮೂಡ್ ಕಾಯತೊಡಗಿದ್ದರಿಂದ, ಆಮೇಲೆ ಅದನ್ನೂ ಅವಳೇ ಹಾಕತೊಡಗಿದಳು. ಅವನು ನಿಶ್ಚಿಂತೆಯಿಂದ ತಾರಸಿಗೆ ಹೋಗಿ ಬಾಯಿ ಅರ್ಧ ತೆರೆದು ಆಕಾಶ ನೋಡುತ್ತಾ ಕೂತ. ಕೆಳಗೆ ಏನು ತಯಾರಾಗುತ್ತಿದೆ ಎಂದು ಇಳಿದು ನೋಡಲೂ ಇಲ್ಲ.

ಒಂದು ಸಲ ಕೊರಟಗೆರೆಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಾಚೆ ಒಂದು ಹೊಸ ಕಟ್ಟಡ ಕಂಡಿತು. ಮೇಲೊಂದು ಗೊಂಬೆ. ಮಾವನಲ್ಲ. ದುಂಡು ಕನ್ನಡಕ, ಹಿಂದೆ ಜುಟ್ಟು, ಗಲ್ಲದ ಮೇಲೆ ನಾಲ್ಕು ಕೂದಲು. ಬಾಯಿ ಅರ್ಧ ತೆರೆದಿತ್ತು. ಕೆಳಗೆ ಅವನದೇ ಸಹಿ. ಕತ್ತಿಗೆ ಚಪ್ಪಲಿ.

ಕೊರಟಗೆರೆಯ ಕೆಲಸ ಬಿಟ್ಟು, ಅದೇ ಬಸ್ ಸ್ಟ್ಯಾಂಡಿನಿಂದ ವಾಪಸ್ ಬಸ್ಸು ಹತ್ತಿ ಮನೆಗೆ ಬಂದ.

“ಏನೇ ಇದು? ನನ್ನ ಮುಖ ಹಾಕಿದೀಯಲ್ಲೇ!”

ಗಗನಾ ತಲೆ ಎತ್ತದೆ ಹುಬ್ಬಿಗೆ ಕಪ್ಪು ತುಂಬುತ್ತಿದ್ದಳು. “ಅಪ್ಪಾಜಿ ಮುಖಾನ ಎಷ್ಟೂ ಅಂತ ನೇತಾಕದು? ಪಾಪ ಅನ್ನಿಸ್ತು. ಅದಕ್ಕೇ ಬದಲಾಯಿಸ್ದೆ. ನೀವೇ ಅಲ್ವಾ ಹೇಳ್ತಿದ್ದಿದ್ದು, ಪ್ರತಿ ಗೆರೇಲೂ ನೀವಿರ್ಬೇಕು ಅಂತ? ಇದ್ದೀರಲ್ಲ!”

“ನಾನಿರಬೇಕು ಅಂದ್ರೆ… ಅಯ್ಯೋ, ನಿನಗೆ ಹೇಗೆ ಹೇಳೋದು…”

“ಇದು ನನ್ ಶೈಲಿ ಕಣ್ರೀ. ನಾನೇನೂ ಹುಡುಕ್ಲಿಲ್ಲ, ತಾನಾಗೇ ಸಿಕ್ತು.”

ಇದೊಂದು ವಾರದ ಹುಚ್ಚು, ಜನ ತಿರಸ್ಕರಿಸುತ್ತಾರೆ ಎಂದು ಪ್ರಭುದೇವ ಧೈರ್ಯ ತಂದುಕೊಂಡ. ಜನ ಮುಗಿಬಿದ್ದರು. ಕೆಂಪು ಮುಖದ ಗೊಂಬೆ ಕೇಳುವವರೇ ಇಲ್ಲವಾದರು. ಜುಂಜಪ್ಪ ಮೇಸ್ತ್ರಿಯೇ ಅದರ ಗುಟ್ಟು ಬಿಡಿಸಿ ಹೇಳಿದ. “ಮೊದ್ಲಿಂದು ಚೆಂದಾಗೇ ಇತ್ತು ಕಣ್ರಮ್ಮ. ಆದ್ರೆ ಅದನ್ ನೋಡಿ ಮಕ್ಕಳು ಹೆದ್ರಕಂತಿದ್ವು. ಈ ಕನ್ನಡ್ಕದ ಗೊಂಬೆ ಹಂಗಲ್ಲ. ಕಣ್ಣಾಕೋ ನನ್ಮಗ ಬಂದು ಇದರ ಮಖ ನೋಡ್ತಾನಾ? ‘ಅಯ್ಯೋ ಪಾಪ, ಇವರ ಮನೆ ಕಷ್ಟ ಏನೈತೋ’ ಅಂತ ಲೊಚಗುಟ್ಕಂಡು ಹೊಂಟೋಯ್ತಾನೆ!”

ಸುದ್ದಿ ಮಾವನ ಕಿವಿಗೂ ಬಿತ್ತು. ಅವರು ವ್ಯಾಪಾರಸ್ಥರು, ಮಾತೆಂದರೆ ಮಾತು. “ಅಳಿಯಂದ್ರೇ, ಜನ ಈಗ ಕೇಳ್ತಿರೋದು ಯಾರ ಗೊಂಬೆಯ? ಗಗನಾದು. ಅಲ್ಲಿಗೆ ಆರ್ಟಿಸ್ಟ್ ಯಾರು? ಗಗನಾ. ನೀವು ನಾಳಿಂದ ಗಲ್ಲಾಕ್ಕೆ ಬನ್ನಿ. ಗೊಂಬೆ ಮಾರಕ್ಕೂ ಒಂದು ಆಳು ಬೇಕು.”

ಹೀಗೆ ಪ್ರಭುದೇವ ಸಿರಾದ ಅಂಗಡಿಯ ಗಲ್ಲಾ ಮುಂದೆ, ಸಿಮೆಂಟಿನ ಧೂಳಿನಲ್ಲಿ ಕೂತ. ಜುಟ್ಟು ಬೆಳ್ಳಗಾಯಿತು. ಬಲಕ್ಕೆ ಮಾವನ ಗುಲಾಬಿ ಕೆನ್ನೆಯ ಫೋಟೋ, ಎಡಕ್ಕೆ ತನ್ನದೇ ಮುಖಗಳ ರಾಶಿ. ರಾಶಿಯನ್ನು ಅವನು ದಿನಾ ಬೆಳಗ್ಗೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದ.

ಒಂದು ದಿನ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನ ಕದಿರಯ್ಯ ಎಂಬ ಹಿರಿಯರು ಸಿಮೆಂಟಿಗೆಂದು ಬಂದರು. ಬಿಲ್ಲು ಬರೆಯುತ್ತಿದ್ದ ಪ್ರಭುದೇವನನ್ನೇ ಎವೆಯಿಕ್ಕದೆ ನೋಡಿದರು.

“ಸಾರ್, ಮಿಮ್ಮಲ್ನಿ ಎಕ್ಕಡೋ ಚೂಸಿನಾನೇ… ನಿಮ್ಮನ್ನ ಎಲ್ಲೋ ನೋಡಿದೀನಿ ಸಾರ್.”

ಪ್ರಭುದೇವ ಪೆನ್ನು ಕೆಳಗಿಟ್ಟ. ಕೊನೆಗೂ ಒಬ್ಬರು! ನೆಟ್ಟಗೆ ಕೂತು, ಜುಟ್ಟಿನ ಧೂಳು ಕೊಡವಿಕೊಂಡ. “ಪತ್ರಿಕೆಗಳಲ್ಲಿ ನೋಡಿರ್ತೀರಿ. ನಾನೊಬ್ಬ ಕಲಾವಿದ.”

“ಪೇಪರು ಕಾದು ಸಾರ್, ಪೇಪರಲ್ಲಲ್ಲ. ದಿನಾ ನೋಡೋ ಮುಖ ಇದು. ಪೊದ್ದುನ, ಬೆಳಗ್ಗೆ ಎದ್ದು ಬಾಗ್ಲು ತೆಗೆದ್ರೆ ಇದೇ ಮುಖ…” ಕದಿರಯ್ಯ ಹಣೆ ಕೆರೆದುಕೊಂಡರು, ಎಡಕ್ಕೆ ವಾಲಿ ನೋಡಿದರು, ಬಲಕ್ಕೆ ವಾಲಿ ನೋಡಿದರು. ಗಾಬರಿಗೆ ಪ್ರಭುದೇವನ ಬಾಯಿ ಅರ್ಧ ತೆರೆದುಕೊಂಡಿತು.

“ಆಂ! ತೆಲಿಸಿಂದಿ, ತೆಲಿಸಿಂದಿ! ಗೊತ್ತಾಯ್ತು!” ಕದಿರಯ್ಯ ಸಂಭ್ರಮದಿಂದ ಎರಡೂ ಕೈ ಜೋಡಿಸಿದರು. “ಏನೂ ಅಂದ್ಕೋಬೇಡಿ ಸಾರ್, ಕತ್ತಿನಲ್ಲಿ ಚಪ್ಪಲಿ ಇರಲಿಲ್ವಲ್ಲ, ಗುರ್ತೇ ಸಿಗಲಿಲ್ಲ!”